ಜನ ಹೆಚ್ಚಿದ್ದೆಲ್ಲಿ, ನೀರು ಬತ್ತಿದ್ದೆಲ್ಲಿ?

"ಜನ ಜಾಸ್ತಿ ಆದ್ರು, ಇನ್ನು ನೀರು ಎಲ್ಲಿ ಸಾಲ್ತದೆ ಮಾರಾಯಾ?" ಏಪ್ರಿಲ್ ಕೊನೆಯ ಹೊತ್ತಿಗೆ ಕುಮಟಾದ ಚಹಾದಂಗಡಿಯಲ್ಲೂ ಶಿರಸಿಯ ಸೊಸೈಟಿ ಜಗುಲಿಯಲ್ಲೂ ಈ ಮಾತು ಕೇಳಿಸುತ್ತದೆ. ಬಾವಿಯ ತಳ ಕಂಡಿದ್ದಕ್ಕೆ, ಮೀನಿನ ದರ ಏರಿದ್ದಕ್ಕೆ, ಉಸುಕು ಸಿಗದೆ ಮನೆ ಕೆಲಸ ಅರ್ಧಕ್ಕೆ ನಿಂತಿದ್ದಕ್ಕೆ, ಆನೆ ಗದ್ದೆಗೆ ಇಳಿದಿದ್ದಕ್ಕೆ, ಎಲ್ಲಕ್ಕೂ ಇದೊಂದೇ ಉತ್ತರ. ಅನುಕೂಲದ ಉತ್ತರವೂ ಹೌದು. ಯಾರನ್ನೂ ಹೆಸರು ಹಿಡಿದು ಕೇಳಬೇಕಾಗಿಲ್ಲ. ಆದರೆ ಉತ್ತರ ಕನ್ನಡದ ಮಟ್ಟಿಗೆ ಜನಗಣತಿಯ ಅಂಕಿಗಳು ಇದಕ್ಕೆ ಸಾಕ್ಷಿ ಹೇಳುವುದಿಲ್ಲ.

2001ರಲ್ಲಿ ಜಿಲ್ಲೆಯ ಜನಸಂಖ್ಯೆ 13,53,644. 2011ರಲ್ಲಿ 14,37,169. ಹತ್ತು ವರ್ಷದಲ್ಲಿ ಹೆಚ್ಚಿದ್ದು 83 ಸಾವಿರ ಚಿಲ್ಲರೆ, ಅಂದರೆ ಶೇ 6ಕ್ಕಿಂತ ತುಸು ಮೇಲೆ. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತ್ತು. ಬೆಂಗಳೂರು ನಗರ ಜಿಲ್ಲೆಯದು ಶೇ 47ರ ಆಸುಪಾಸು. ಇಲ್ಲಿ ಚದರ ಕಿಲೋಮೀಟರಿಗೆ 140 ಜನ, ರಾಜ್ಯದ ಸರಾಸರಿ 319, ಬೆಂಗಳೂರಿನಲ್ಲಿ ನಾಲ್ಕು ಸಾವಿರದ ಮೇಲೆ. ಆಮೇಲೆ ಗಣತಿ ತಪ್ಪಿಹೋಯಿತು. 2021ರಲ್ಲಿ ಆಗಬೇಕಿದ್ದದ್ದು ಮುಂದೆ ಮುಂದೆ ಹೋಗಿ, ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡಿದೆ. ಅಲ್ಲಿಯವರೆಗೆ ಹಳೆಯ ಅಂಕಿಯೇ ಗತಿ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಘಟ್ಟದ ಮೇಲಿನ ಊರುಗಳಿಗೆ ಈ ಸಮೀಕ್ಷೆಯೂ ಬೇಡ. ಮಕ್ಕಳಿಲ್ಲದೆ ಬಾಗಿಲು ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆ, ಅಪ್ಪ-ಅಮ್ಮ ಇಬ್ಬರೇ ಉಳಿದ ದೊಡ್ಡ ಮನೆ, ಮೂವತ್ತೈದು ದಾಟಿದರೂ ಮದುವೆಯಾಗದ ತೋಟದ ಮನೆಯ ಹುಡುಗ, ಇವೆಲ್ಲ ಕೇರಿಗೊಂದರಂತೆ ಸಿಗುತ್ತವೆ.

ಹಾಗಿದ್ದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ, ಜನ ಅಷ್ಟೇನೂ ಹೆಚ್ಚದ ಜಿಲ್ಲೆಯಲ್ಲಿ, ಮೇ ತಿಂಗಳಲ್ಲಿ ಟ್ಯಾಂಕರ್ ಓಡಾಡುವುದು ಯಾಕೆ?

ಜನಸಂಖ್ಯೆಗೂ ಸಂಪನ್ಮೂಲಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ದೇಶದ ಮಟ್ಟದಲ್ಲಿ ಆ ಲೆಕ್ಕ ಕಣ್ಣಿಗೆ ಹೊಡೆಯುವಂತಿದೆ. ಜಗತ್ತಿನ ಶೇ 18ರಷ್ಟು ಜನ ಭಾರತದಲ್ಲಿದ್ದಾರೆ, ಸಿಹಿನೀರಿನ ಪಾಲು ಶೇ 4. 1951ರಲ್ಲಿ ತಲೆಗೆ ವರ್ಷಕ್ಕೆ 5,177 ಘನ ಮೀಟರ್ ನೀರು ಲಭ್ಯವಿತ್ತು, 2011ರ ಹೊತ್ತಿಗೆ ಅದು 1,545ಕ್ಕೆ ಇಳಿಯಿತು. 1,700ಕ್ಕಿಂತ ಕೆಳಗಿಳಿದರೆ ನೀರಿನ ಒತ್ತಡ ಎನ್ನುತ್ತಾರೆ. ಆಕಾಶದಿಂದ ಬೀಳುವ ನೀರು ಅಷ್ಟೇ ಇದೆ, ಪಾಲುದಾರರು ಮೂರು ಪಟ್ಟಿಗೂ ಹೆಚ್ಚಾದರು. 1798ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಮಾಲ್ಥಸ್ ಹೆದರಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಜನ ಗುಣಿಸುತ್ತ ಹೋಗುತ್ತಾರೆ, ಅನ್ನ ಕೂಡಿಸುತ್ತ ಹೋಗುತ್ತದೆ. ಅನ್ನದ ವಿಷಯದಲ್ಲಿ ಅವನ ಲೆಕ್ಕ ತಪ್ಪಿತು, ಗೊಬ್ಬರ, ತಳಿ, ನೀರಾವರಿ ಸೇರಿ ತಪ್ಪಿಸಿದವು. ಆದರೆ ಭಾಗಾಕಾರದ ಈ ಲೆಕ್ಕದಲ್ಲಿ ಒಂದು ದೋಷವಿದೆ. ಒಟ್ಟು ನೀರನ್ನು ಒಟ್ಟು ತಲೆಯಿಂದ ಭಾಗಿಸಿದಾಗ ಯಾರ ನೀರು ಯಾರ ಕೊಡಕ್ಕೆ ಹೋಯಿತು ಎನ್ನುವುದು ಕಾಣುವುದಿಲ್ಲ. ಉತ್ತರ ಕನ್ನಡದ ಕಥೆ ಇರುವುದೇ ಅಲ್ಲಿ.

ಮೊದಲು ಆ 140 ಎಂಬ ಸಂಖ್ಯೆಯನ್ನೇ ನೋಡೋಣ. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್. ಇದರಲ್ಲಿ ಸುಮಾರು ಶೇ 80 ಅರಣ್ಯ. ಉಳಿದದ್ದು ಎರಡು ಸಾವಿರ ಚದರ ಕಿಲೋಮೀಟರಿನ ಆಚೀಚೆ. ಹದಿನಾಲ್ಕು ಲಕ್ಷ ಜನರನ್ನು ಅಷ್ಟರಲ್ಲೇ ಕೂರಿಸಿದರೆ ಚದರ ಕಿಲೋಮೀಟರಿಗೆ 700 ಜನರ ಹತ್ತಿರ ಬರುತ್ತದೆ, ರಾಜ್ಯದ ಸರಾಸರಿಗಿಂತ ಎರಡು ಪಟ್ಟು. ಕಾಗದದ ಮೇಲೆ ಖಾಲಿ ಕಾಣುವ ಜಿಲ್ಲೆ ಒಳಗೆ ಇಕ್ಕಟ್ಟಾಗಿದೆ. ಕಾರವಾರದಿಂದ ಭಟ್ಕಳದವರೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವಿನ ಪಟ್ಟಿಯಲ್ಲಿ ಹೆದ್ದಾರಿ, ರೈಲು, ಗದ್ದೆ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಮನೆ, ದೇವಸ್ಥಾನ, ಮೀನುಪೇಟೆ. ಕಾರವಾರದಲ್ಲಂತೂ ಗುಡ್ಡ ಸಮುದ್ರಕ್ಕೇ ಕಾಲು ಚಾಚಿದೆ. ಅದೇ ಜೋಯಿಡಾ ತಾಲ್ಲೂಕು ವಿಸ್ತಾರದಲ್ಲಿ ಜಿಲ್ಲೆಗೆ ದೊಡ್ಡದು, ಆದರೆ ಅಲ್ಲಿ ಮೈಲಿಗಟ್ಟಲೆ ನಡೆದರೂ ಮನೆ ಸಿಗದ ಕಡೆಗಳಿವೆ.

ಈ ಇಕ್ಕಟ್ಟಿಗೆ ಜನನ ಪ್ರಮಾಣ ಕಾರಣವಲ್ಲ. ಸೂಪಾ ಅಣೆಕಟ್ಟೆಗೆ ಸೂಪಾ ಊರೇ ಮುಳುಗಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಕದ್ರಾ, ಕೊಡಸಳ್ಳಿ ಜಲಾಶಯಗಳಿಗೆ, ಕೈಗಾ ಅಣುಸ್ಥಾವರಕ್ಕೆ, ಅರ್ಗಾ ಕಡೆಯ ಸೀಬರ್ಡ್ ನೌಕಾನೆಲೆಗೆ ಮತ್ತಷ್ಟು ಊರು, ಮತ್ತಷ್ಟು ಕಡಲತೀರ ಹೋದವು. ಸೀಬರ್ಡ್ ಒಂದಕ್ಕೇ ನಾಲ್ಕು ಸಾವಿರದಷ್ಟು ಕುಟುಂಬಗಳು ಎದ್ದು ಹೋದವು. ಅವರೆಲ್ಲ ಜಿಲ್ಲೆ ಬಿಟ್ಟು ಓಡಲಿಲ್ಲ, ಅದೇ ಕಿರಿದಾದ ಪಟ್ಟಿಯ ಮೇಲೆ ಇನ್ನಷ್ಟು ಒತ್ತಿ ಕೂತರು. ಜನ ಹೆಚ್ಚದಿದ್ದರೂ ನೆಲ ಕಮ್ಮಿಯಾಯಿತು. ಅರಣ್ಯ ಅತಿಕ್ರಮಣದ ಗಲಾಟೆಯ ಒಂದು ಬೇರು ಇಲ್ಲೇ ಇದೆ. ಅರಣ್ಯ ಹಕ್ಕು ಕಾಯ್ದೆ ಬಂದು ಇಷ್ಟು ವರ್ಷವಾದರೂ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ಸಾಬೀತು ಮಾಡಬೇಕು. ಅಜ್ಜ ಗುಡಿಸಲು ಕಟ್ಟಿದಾಗ ರಶೀದಿ ತೆಗೆದಿಟ್ಟಿರಲಿಲ್ಲ ಎನ್ನುವುದೊಂದೇ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗಿವೆ.

ಕಾಳಿ ದಡದವರು ಕುಡಿಯುವ ಗಂಗಾವಳಿ

ಕಾರವಾರ ಕಾಳಿ ನದಿಯ ಬಾಯಿಯಲ್ಲಿ ಕೂತಿದೆ. ನದಿಯ ಮೇಲೆ ಸಾಲು ಅಣೆಕಟ್ಟೆಗಳಿವೆ. ಆದರೂ ಕಾರವಾರದ ನಲ್ಲಿಯಲ್ಲಿ ಬರುವುದು ಕಾಳಿಯ ನೀರಲ್ಲ. ಅಳಿವೆಯಿಂದ ಸಾಕಷ್ಟು ಒಳಗಿನವರೆಗೂ ಕಾಳಿ ಉಪ್ಪು. ಹಾಗಾಗಿ ಅಂಕೋಲಾ ತಾಲ್ಲೂಕಿನ ಗಂಗಾವಳಿಯಿಂದ ಪೈಪಿನಲ್ಲಿ ನೀರು ಬರಬೇಕು. ಅಂಕೋಲಾ ಪಟ್ಟಣಕ್ಕೂ ಅದೇ, ನೌಕಾನೆಲೆಗೂ ಅದೇ, ಬಿಣಗಾದ ಕಾರ್ಖಾನೆಗೂ ಅದೇ. ಕುಮಟಾ-ಹೊನ್ನಾವರಕ್ಕೆ ಮರಾಕಲ್ ಯೋಜನೆಯ ಮೂಲಕ ಅಘನಾಶಿನಿ, ಭಟ್ಕಳಕ್ಕೆ ಕಡವಿನಕಟ್ಟೆ. ಘಟ್ಟದ ಮೇಲೆ ಶಿರಸಿ ಪೇಟೆಗೆ ಕೆಂಗ್ರೆ ಮತ್ತು ಮಾರಿಗದ್ದೆಯ ನೀರು. ನೀರಿನ ಜಿಲ್ಲೆ ಎಂದು ಹೆಸರಾದ ಇಲ್ಲಿ ಪೇಟೆಯ ಹೆಚ್ಚಿನವರ ಗಂಟಲು ನದಿಯಿಂದ ನೀರೆತ್ತುವ ಬೆರಳೆಣಿಕೆಯ ಜಾಕ್‌ವೆಲ್‌ಗಳನ್ನು ನಂಬಿದೆ, ಅವುಗಳಲ್ಲಿ ಬೇಸಿಗೆಯ ನೀರು ಎಷ್ಟು ನಿಲ್ಲುತ್ತದೋ ಅಷ್ಟೇ.

ಗಂಗಾವಳಿಯನ್ನು ಹಿಂಬಾಲಿಸಿ ಮೇಲೆ ಹೋದರೆ ಅದು ಬೇಡ್ತಿಯಾಗುತ್ತದೆ, ಮಾಗೋಡಿನಲ್ಲಿ ಧುಮುಕುತ್ತದೆ, ಇನ್ನೂ ಮೇಲೆ ಹುಬ್ಬಳ್ಳಿ-ಧಾರವಾಡದ ಸೆರಗಿಗೆ ಮುಟ್ಟುತ್ತದೆ. ಅವಳಿ ನಗರದ ಕೊಳಚೆಯೂ ಇದೇ ಹರಿವಿಗೆ ಇಳಿಯುತ್ತದೆ. ಕಾರವಾರದಲ್ಲಿ ಜನ ಹೆಚ್ಚಿದರೋ ಇಲ್ಲವೋ, ಹುಬ್ಬಳ್ಳಿಯಲ್ಲಿ ಹೆಚ್ಚಿದ್ದಂತೂ ಕಾರವಾರದ ಲೋಟಕ್ಕೆ ಸಂಬಂಧಪಟ್ಟ ವಿಷಯ.

ಇದೇ ಬೇಡ್ತಿಯ ನೀರನ್ನು ಎತ್ತಿ ವರದಾ ನದಿಗೆ ಹಾಕಿ, ಅಲ್ಲಿಂದ ತುಂಗಭದ್ರೆಯ ಕಡೆ ಒಯ್ದು ಬಯಲುಸೀಮೆಗೆ ಕೊಡುವ ಯೋಜನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಶಿರಸಿ, ಯಲ್ಲಾಪುರದಲ್ಲಿ ಸ್ವರ್ಣವಲ್ಲಿ ಮಠದ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಇದಕ್ಕೆ ವಿರೋಧವೂ ಅಷ್ಟೇ ಗಟ್ಟಿಯಾಗಿ ಎದ್ದಿದೆ. ಅಘನಾಶಿನಿಯ ನೀರನ್ನು ವೇದಾವತಿಗೆ ಒಯ್ಯುವ ಮಾತೂ ಇದೆ. 2019ರಲ್ಲಿ ಶರಾವತಿಯ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪಕ್ಕೆ ಶಿವಮೊಗ್ಗ ಬಂದ್ ಆಗಿತ್ತು. ಕಾಳಿ ನೀರನ್ನು ದಾಂಡೇಲಿಯಿಂದ ಅಳ್ನಾವರಕ್ಕೆ ಒಯ್ದಾಗಲೂ ದಾಂಡೇಲಿ ಬೀದಿಗಿಳಿದಿತ್ತು. ಪ್ರತಿ ಯೋಜನೆಯ ಹಿಂದೆಯೂ ಒಂದೇ ವಾಕ್ಯ ಇರುತ್ತದೆ: "ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು."

ನನ್ನ ಮಟ್ಟಿಗೆ ಜಗಳ ಇರುವುದು ಈ ವಾಕ್ಯದ ಜೊತೆ, ಬಯಲುಸೀಮೆಯ ಜನರ ಜೊತೆ ಅಲ್ಲ. ಗದಗಿನ ಹೆಣ್ಣುಮಗಳ ಕೊಡ ತುಂಬುವುದಕ್ಕೆ ಅಡ್ಡ ಬರುವುದು ನ್ಯಾಯವಲ್ಲ. ಅಳ್ನಾವರಕ್ಕೆ ಕುಡಿಯುವ ನೀರು ಬೇಕೆಂದರೆ "ನಮ್ಮ ಕಾಳಿ" ಎಂದು ಕೈಕಟ್ಟಿ ನಿಲ್ಲುವುದರಲ್ಲಿ ನನಗೆ ಹೆಮ್ಮೆಯೇನೂ ಕಾಣುವುದಿಲ್ಲ. ಆದರೆ ಕುಡಿಯುವ ನೀರಿನ ಹೆಸರಿನಲ್ಲಿ ಹೊರಟ ಕಾಲುವೆ ಕಬ್ಬಿನ ಗದ್ದೆಯಲ್ಲಿ, ಕೈಗಾರಿಕಾ ವಲಯದಲ್ಲಿ ಹೋಗಿ ಮುಗಿಯುವುದನ್ನು ಈ ರಾಜ್ಯ ಸಾಕಷ್ಟು ನೋಡಿದೆ. ಬೇಡ್ತಿಯಲ್ಲಿ ನೀರು ಧಾರಾಳವಾಗಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಕೊರತೆ ಇರುವುದು ಮಾರ್ಚ್‌ನಿಂದ ಮೇವರೆಗೆ. ವರ್ಷದ ಒಟ್ಟು ಹರಿವನ್ನು ತೋರಿಸಿ "ಹೆಚ್ಚುವರಿ" ಎಂದವರು ಏಪ್ರಿಲ್ ತಿಂಗಳ ಹರಿವನ್ನು ಬೇರೆ ಕಾಲಮ್ಮಿನಲ್ಲಿ ತೋರಿಸಲಿ. ಆ ಕಾಲಮ್ಮಿನಲ್ಲಿ ಕಾರವಾರ ಇದೆ.

ವ್ಯರ್ಥ ಎನ್ನುವ ಮಾತಿಗೆ ಅಘನಾಶಿನಿಯ ಅಳಿವೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ದೊಡ್ಡ ಅಣೆಕಟ್ಟೆ ಕಾಣದ ನದಿ ಇದು. ಇಳಿತದ ಹೊತ್ತಿಗೆ ತದಡಿ, ದೀವಗಿ ಕಡೆಯ ನೀರಿಗೆ ಇಳಿದ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಿನಲ್ಲೇ ಕೆಸರು ತಡಕಿ ಬಳಚು ಎಂಬ ಚಿಪ್ಪುಮೀನು ಎತ್ತುತ್ತಾರೆ. ಬೆನ್ನ ಹಿಂದೆ ಬುಟ್ಟಿಯೋ ಪಾತ್ರೆಯೋ ತೇಲುತ್ತಿರುತ್ತದೆ. ಭರತ ಏರುವುದರೊಳಗೆ ದಡ ಸೇರಬೇಕು. ಬಂಡವಾಳ ಎಂದರೆ ಸೊಂಟದ ಗಟ್ಟಿತನ ಮತ್ತು ಇಳಿತದ ವೇಳೆಯ ತಿಳಿವಳಿಕೆ. ಬಳಚು ಬದುಕುವುದು ಸಿಹಿನೀರು ಮತ್ತು ಉಪ್ಪುನೀರು ಒಂದು ಹದದಲ್ಲಿ ಬೆರೆತರೆ ಮಾತ್ರ. ಮೇಲೆ ನೀರು ಕಮ್ಮಿಯಾದರೆ ಉಪ್ಪು ಏರುತ್ತದೆ, ಬಳಚು ಹೋಗುತ್ತದೆ. ಮಾಣಿಕಟ್ಟಾ ಕಡೆಯ ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತವೂ ಹಾಗೆಯೇ. ಉಪ್ಪು ತಡೆದುಕೊಳ್ಳುವ ತಳಿ ಎಂದ ಮಾತ್ರಕ್ಕೆ ಸಮುದ್ರದ ನೀರಲ್ಲಿ ಬೆಳೆಯುತ್ತದೆ ಎಂದಲ್ಲ, ಮಳೆಗಾಲದ ಹೊಳೆ ಬಂದು ಗದ್ದೆಯ ಉಪ್ಪು ತೊಳೆಯಬೇಕು. ಬೇಸಿಗೆಯಲ್ಲಿ ಅದೇ ನೀರಿನ ಅಂಚಿನಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ. 2024ರ ಜನವರಿಯಲ್ಲಿ ಈ ಅಳಿವೆ, ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಇದೇ ತದಡಿಯಲ್ಲಿ ಒಂದು ಕಾಲಕ್ಕೆ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಬರುವುದಿತ್ತು. ಆಗ ತದಡಿಯವರು ಬೇಡ ಎಂದು ನಿಲ್ಲದಿದ್ದರೆ ಪಟ್ಟಿಗೆ ಸೇರಿಸಲು ಏನು ಉಳಿಯುತ್ತಿತ್ತೋ.

ಹಾಗೆಂದು ಅಳಿವೆ ಸುಖವಾಗಿದೆ ಎಂದಲ್ಲ. ಬಳಚು ಕಮ್ಮಿಯಾಗಿದೆ ಎನ್ನುವುದು ದಡದವರ ಅನುಭವ. ಗೋವಾಕ್ಕೆ ಲಾರಿ ಹೋಗಲು ಶುರುವಾದ ಮೇಲೆ ಮರಿ-ದೊಡ್ಡದು ನೋಡದೆ ತೆಗೆಯುವುದು ಹೆಚ್ಚಿತು, ಸುಣ್ಣಕ್ಕೆಂದು ಚಿಪ್ಪು ತೋಡುವುದೂ ಸೇರಿಕೊಂಡಿತು. ಕುಮಟಾದ ಮನೆಮನೆಯವರು ತಿಂದು ಮುಗಿಸಲಾಗದ್ದನ್ನು ದೂರದ ಪೇಟೆ ಒಂದೆರಡು ಹಂಗಾಮಿನಲ್ಲಿ ಬರಿದು ಮಾಡಬಲ್ಲದು.

ಕಡಲಿನದೂ ಇದೇ ಕಥೆ, ದೊಡ್ಡ ಅಳತೆಯಲ್ಲಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಿತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆಗೆ ಅಲ್ಲಿಂದ ಇಳಿಗಾಲ. ರಾಂಪಣಿಗೆ ಮೀನು ದಡಕ್ಕೆ ಬರುವವರೆಗೆ ಕಾಯಬೇಕಿತ್ತು, ಪರ್ಸೀನ್ ಮೀನಿದ್ದಲ್ಲಿಗೇ ಹೋಗುತ್ತದೆ. ಆಮೇಲೆ ಟ್ರಾಲ್, ಬುಲ್ ಟ್ರಾಲ್, ರಾತ್ರಿ ದೀಪ ಹಾಕಿ ಹಿಡಿಯುವ ಲೈಟ್ ಫಿಶಿಂಗ್. ಕೊನೆಯದನ್ನು ಕೇಂದ್ರ 2017ರಲ್ಲಿ ನಿಷೇಧಿಸಿತು, ಕಡಲಲ್ಲಿ ದೀಪ ಆರಿದ್ದು ಮಾತ್ರ ಕಾಣೆ. ಜೂನ್-ಜುಲೈಯ 61 ದಿನ ಯಾಂತ್ರಿಕ ದೋಣಿಗೆ ರಜೆ ಇದೆ, ಅದು ಒಳ್ಳೆಯದೇ. ಆದರೆ ಉಳಿದ ಹತ್ತು ತಿಂಗಳು ಬಲೆಯ ಕಣ್ಣಿನ ಅಳತೆ ಕೇಳುವವರು ಕಮ್ಮಿ. ಬಲೆಗೆ ಬಿದ್ದ ಸಣ್ಣ ಮೀನು ಅಡುಗೆಮನೆಗೂ ಬರುವುದಿಲ್ಲ. ಅದು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಹುಡಿಯಾಗಿ, ಎಲ್ಲೋ ಸಾಕುವ ಸೀಗಡಿಗೆ, ಕೋಳಿಗೆ ಆಹಾರವಾಗುತ್ತದೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ತಾರ್ಲಿ (ಭೂತಾಯಿ ಮೀನು), 14 ಸೆಂಟಿಮೀಟರಿಗಿಂತ ಚಿಕ್ಕ ಬಂಗಡೆ ಹಿಡಿಯಬಾರದೆಂದು ಕಾನೂನೇ ಇದೆ. ಕಾರವಾರದ ಮೀನುಪೇಟೆಯಲ್ಲಿ ಬಂಗಡೆಯ ಬೆಲೆ ಕೇಳಿ ಹೌಹಾರುವವರು, ಅದಕ್ಕೆ ಕಾರಣ ಊರಿನ ಬಾಯಿಗಳ ಸಂಖ್ಯೆ ಎಂದುಕೊಂಡರೆ ತಪ್ಪು. ಸಮುದ್ರದ ಬಿಸಿ ಏರಿದ್ದೂ ತಾರ್ಲಿಯ ಏರಿಳಿತಕ್ಕೆ ಒಂದು ಕಾರಣ, ಅದರ ಮೂಲವಂತೂ ಇನ್ನೂ ದೂರ.

ಬಿದಿರಿಗೆ ಒಂದೂವರೆ ರೂಪಾಯಿ

ಇದೆಲ್ಲ ಈಗಿನ ರೋಗ ಎಂದುಕೊಳ್ಳುವವರು ದಾಂಡೇಲಿಯ ಬಿದಿರಿನ ಕಥೆ ಕೇಳಬೇಕು. 1950ರ ದಶಕದ ಕೊನೆಗೆ ಅಲ್ಲಿ ಕಾಗದ ಕಾರ್ಖಾನೆ ಶುರುವಾದಾಗ ಸರ್ಕಾರ ಅದಕ್ಕೆ ಬಿದಿರು ಕೊಟ್ಟಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಪೇಟೆಯಲ್ಲಿ ಬುಟ್ಟಿ ಹೆಣೆಯುವ ಮೇದಾರರಿಗೆ ಅದೇ ಬಿದಿರು ಸಾವಿರಗಳ ಲೆಕ್ಕದಲ್ಲಿತ್ತು. ಕಾಡಿನಲ್ಲಿ ಬಿದಿರು ಮುಗಿಯುತ್ತ ಬಂದಾಗ ಬೆರಳು ತಿರುಗಿದ್ದು ಯಾರ ಕಡೆ? ಹಳ್ಳಿಗರ ಕಡೆ, ಅವರ ದನಗಳ ಕಡೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಈ ಕಾಡುಗಳಲ್ಲಿ ಅಳತೆ ಮಾಡಿ ನೋಡಿದರು. ಬುಟ್ಟಿ ಹೆಣೆಯುವವರು ಒಯ್ಯುತ್ತಿದ್ದದ್ದು ಅಲ್ಪ. ಅರಣ್ಯ ಇಲಾಖೆ ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆಯಲು ಹೇಳುತ್ತಿತ್ತು, ಅದರಿಂದ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂದು. ಹಳ್ಳಿಯವರು ಹೇಳುತ್ತಿದ್ದದ್ದು ಬೇರೆ: ಮುಳ್ಳು ತೆಗೆದರೆ ಎಳೆ ಕಳಲೆಯನ್ನು ಪ್ರಾಣಿಗಳು ತಿಂದುಹಾಕುತ್ತವೆ. ಅಳತೆ ಹಳ್ಳಿಯವರ ಮಾತನ್ನೇ ಹಿಡಿಯಿತು.

ಸಂಪನ್ಮೂಲ ಬರಿದಾದಾಗಲೆಲ್ಲ ಹತ್ತಿರ ಇರುವವರ ತಲೆ ಎಣಿಸುವುದು ಸುಲಭ, ದೂರ ಇರುವವರ ಬೇಡಿಕೆ ಎಣಿಸುವುದು ಕಷ್ಟ. ಟನ್ನಿಗೆ ಒಂದೂವರೆ ರೂಪಾಯಿ ಎಂಬ ದರದಲ್ಲಿ ಕಾಡು ಬೆಳೆಸುವ ಖರ್ಚು ಇಲ್ಲ, ಬಿದಿರು ನಂಬಿದವರ ಬದುಕಿನ ಬೆಲೆ ಇಲ್ಲ. ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ ಇವತ್ತಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯಲ್ಲೂ ನನಗೆ ಅದೇ ಕೇಳಿಸುತ್ತದೆ. 2,000 ಮೆಗಾವಾಟ್, ಸಂಜೆಯ ಬೇಡಿಕೆಗೆ. ಬೇಡಿಕೆ ನಗರದ್ದು, ಸಿಂಗಳೀಕದ ಕಾಡು ಇಲ್ಲಿಯದು.

ಕಾಡಿನ ಜೊತೆ ಬದುಕುವ ಲೆಕ್ಕ ಇಲ್ಲಿಯವರಿಗೆ ಗೊತ್ತಿಲ್ಲದ್ದೇನಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯವರು ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು, ಪಾಂಡುರಂಗ ಹೆಗಡೆಯವರ ಜೊತೆ. ಅಪ್ಪಿಕೋ ಚಳವಳಿ ಎಂದು ಹೆಸರಾದದ್ದು ಅದೇ. ಅವರಿಗೆ ಕಾಡು ನೋಡುವ ವಸ್ತುವಾಗಿರಲಿಲ್ಲ. ಸೊಪ್ಪು, ದರಕು (ಒಣಗಿದ ಎಲೆ), ನೀರು, ಜೇನು ಎಲ್ಲಕ್ಕೂ ಕಾಡೇ ಆಧಾರವಾಗಿತ್ತು.

ಕೈಗಳು ಕಮ್ಮಿಯಾದಾಗ

ಜನಸಂಖ್ಯೆ ಕಮ್ಮಿಯಾದರೆ ಸಂಪನ್ಮೂಲ ಉಳಿಯುತ್ತದೆ ಎನ್ನುವ ನಂಬಿಕೆ ಘಟ್ಟದ ಮೇಲಿನ ಊರುಗಳಲ್ಲಿ ಪೂರ್ತಿ ತಿರುಗಿ ಬೀಳುತ್ತದೆ.

ಸಿದ್ದಾಪುರ, ಶಿರಸಿ, ಯಲ್ಲಾಪುರದ ಅಡಿಕೆ ತೋಟದ ಮನೆಗಳಿಗೆ ಬಹುಕಾಲ ನೀರು ಬಂದಿದ್ದು ಅಬ್ಬಿಯಿಂದ. ಮೇಲಿನ ಕಾಡಿನಲ್ಲಿ ಒಸರುವ ನೀರಿಗೆ ಅಡಿಕೆ ಮರದ ದಬ್ಬೆ ಹೊಂದಿಸಿ, ಒಂದರ ಬಾಯಿ ಇನ್ನೊಂದರ ಮೇಲೆ ಬರುವಂತೆ ಕವೆಗೋಲು ಕೊಟ್ಟು, ಹಿತ್ತಿಲಿನ ತನಕ ಇಳಿಸುತ್ತಿದ್ದರು. ಪಂಪಿಲ್ಲ, ಕರೆಂಟಿಲ್ಲ. ಆದರೆ ಅದಕ್ಕೆ ಜನ ಬೇಕು. ದಬ್ಬೆ ಕೊಳೆಯುತ್ತದೆ, ಮಂಗ ಉರುಳಿಸುತ್ತದೆ, ಎಲೆ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಯಾರಾದರೂ ಒಬ್ಬರು ಗುಡ್ಡ ಹತ್ತಿ ಸರಿ ಮಾಡಿ ಬರಬೇಕು. ಮಳೆ ನಿಂತ ಮೇಲೆ ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟು ಹಾಕುವ ಕೆಲಸವೂ ಹಾಗೆಯೇ, ಕೇರಿಯ ಹತ್ತು ಮನೆಯವರು ಸೇರಿದರೆ ಒಂದು ದಿನದ ಕೆಲಸ. ಆ ಕಟ್ಟಿನಿಂದ ಕೆಳಗಿನ ಬಾವಿಗಳಿಗೆ ಬೇಸಿಗೆಯ ತನಕ ನೀರು. ಹತ್ತು ಮನೆಯಲ್ಲಿ ಆರು ಮನೆಯ ಮಕ್ಕಳು ಬೆಂಗಳೂರಿನಲ್ಲಿದ್ದರೆ, ಉಳಿದ ನಾಲ್ಕರಲ್ಲಿ ಇಬ್ಬರು ಎಪ್ಪತ್ತು ದಾಟಿದವರಾದರೆ ಕಟ್ಟು ಹಾಕುವವರು ಯಾರು? ಕಟ್ಟು ಹಾಕುವುದು ನಿಂತಿತು, ಬೋರ್‌ವೆಲ್ ಬಂದಿತು. ಬಟನ್ ಒತ್ತಿದರೆ ನೀರು ಬರುತ್ತದೆ, ಆದರೆ ಹಳ್ಳ ಜನವರಿಯಲ್ಲೇ ಒಣಗುತ್ತದೆ.

ಸೊಪ್ಪಿನ ಬೆಟ್ಟದ್ದು ಇನ್ನೊಂದು ಮುಖ. ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ, ಅಂದರೆ ಸೊಪ್ಪು ತರುವ ಕಾಡಿನ ಸವಲತ್ತು ಇತ್ತು. ಆ ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಹೋಗಿ ದನದ ಕಾಲಡಿ ತುಳಿಸಿಕೊಂಡು ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು. ಈ ಒಂಬತ್ತಕ್ಕೊಂದು ಎಂಬ ಅಳತೆಯೇ ಒಂದು ಸಂಪನ್ಮೂಲದ ಲೆಕ್ಕ: ಒಂದು ಎಕರೆ ಬೆಳೆಗೆ ಒಂಬತ್ತು ಎಕರೆ ಕಾಡು ಬೇಕು, ಹೆಚ್ಚು ತೋಟ ಮಾಡಬೇಕೆಂದರೆ ಅಷ್ಟು ಬೆಟ್ಟ ನಿನ್ನಲ್ಲಿ ಇರಬೇಕು. ಈಗ ದನ ಕಡಿಮೆ, ಸೊಪ್ಪು ಕಡಿಯುವ ಆಳು ಸಿಗುವುದಿಲ್ಲ, ಚೀಲದ ಗೊಬ್ಬರ ಸಿಗುತ್ತದೆ. ಅಲ್ಲಿಗೆ ಆ ಮಿತಿ ಸಡಿಲವಾಯಿತು. ಜೆಸಿಬಿ ಬಂದು ಬೆಟ್ಟದ ಅಂಚನ್ನೇ ತೋಟ ಮಾಡುತ್ತಿದೆ, ಗದ್ದೆಯೂ ತೋಟವಾಗುತ್ತಿದೆ. ಮಳೆಗಾಲದಲ್ಲಿ ನೀರು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತಿದ್ದ ಗದ್ದೆ, ಅಡಿಕೆ ಗಿಡ ನೆಟ್ಟ ಕೂಡಲೇ ನೀರು ಹೊರಹಾಕುವ ನೆಲವಾಗುತ್ತದೆ. ಅಡಿಕೆಗೆ ಕಾಲಡಿ ನೀರು ನಿಂತರೆ ಆಗದು, ಬೇಸಿಗೆಯಲ್ಲಿ ನೀರಿಲ್ಲದೆಯೂ ಆಗದು. ಊರಿನ ಜನ ಅರ್ಧವಾದರೂ ಊರಿನ ನೀರಿನ ಖರ್ಚು ಏರುತ್ತದೆ. ಅಡಿಕೆ ದರ ಏರಿದಾಗಲೆಲ್ಲ ನಾವು ಸಂಭ್ರಮಿಸಿದ್ದೇವೆ, ಹಳ್ಳದ ಕಡೆ ನೋಡಿಲ್ಲ. ಇದರಲ್ಲಿ ಹೊರಗಿನವರ ತಪ್ಪೇನೂ ಇಲ್ಲ.

ಕರಾವಳಿಯಲ್ಲಿ ಬೇರೆ ಗಣಿತ. ಮಳೆ ಎಷ್ಟು ಬಂದರೂ ಚಿರೆಕಲ್ಲಿನ ಗುಡ್ಡ ಸೋರುವ ಮಡಕೆ. ನೀರು ಮೇಲಿನ ಕಲ್ಲಿನ ಬಿರುಕಿನಲ್ಲಿ ಇಳಿದು, ಕೆಳಗಿನ ಶೇಡಿ ಎಂಬ ಮೆದು ಜೇಡಿ ಮಣ್ಣಿನ ಮೇಲೆ ಜಾರಿ ಹೊಳೆ ಸೇರುತ್ತದೆ. ಆ ಶೇಡಿ ಮಣ್ಣು ನೆನೆದು ಮೆತ್ತಗಾದ ಕಡೆ ಗುಡ್ಡದ ಬುಡ ಕಡಿದರೆ ಗುಡ್ಡವೇ ಇಳಿಯುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದು ಗಂಗಾವಳಿಗೆ ಬಿದ್ದದ್ದನ್ನು ದೇಶವೇ ನೋಡಿತು. ಇನ್ನೊಂದು ಕಡೆ ಒಂದು ಮನೆಯಲ್ಲಿದ್ದವರು ಮೂರು ಮನೆಯಾಗಿದ್ದಾರೆ. ಜನ ಅಷ್ಟೇ, ಅಡುಗೆಮನೆ ಮೂರು. ಮೂರು ಬಾವಿ ಅಥವಾ ಮೂರು ಬೋರ್, ಮೂರು ಮನೆಯಷ್ಟು ಚಿರೆಕಲ್ಲು, ಮೂರು ಮನೆಯಷ್ಟು ಉಸುಕು, ಮನೆವರೆಗೆ ಬರಲು ಗುಡ್ಡ ಕಡಿದ ದಾರಿ. ಉಸುಕಿನ ಮೇಲೆ ನಿಯಮ ಬಿಗಿಯಾದಾಗ ದರ ಏರುತ್ತದೆ, ಸಡಿಲವಾದಾಗ ನದಿಯ ತಳ ಇಳಿಯುತ್ತದೆ. ತಳ ಇಳಿದಂತೆ ಉಪ್ಪುನೀರು ಇನ್ನಷ್ಟು ಮೇಲಕ್ಕೆ ಹತ್ತಿ ದಡದ ಬಾವಿಗೆ ಬರುತ್ತದೆ. ಗೋಕರ್ಣ, ಮುರುಡೇಶ್ವರದ ಹೋಟೆಲು, ಹೋಂಸ್ಟೇಗಳಲ್ಲಿ ವಾರಾಂತ್ಯಕ್ಕೆ ತುಂಬುವ ಜನ ಯಾವ ಗಣತಿಯಲ್ಲೂ ಈ ಜಿಲ್ಲೆಯವರಲ್ಲ, ಆದರೆ ಸ್ನಾನ ಮಾಡುವುದು ಇಲ್ಲಿಯ ನೀರಿನಲ್ಲೇ. ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ನೀರು ಇಲ್ಲದ ಹೊತ್ತಿನಲ್ಲಿ.

ಯಾರ ಲೆಕ್ಕಕ್ಕೆ ಎಷ್ಟು

2027ರ ಗಣತಿ ಮುಗಿದ ಮೇಲೆ ಎರಡು ವಿಷಯ ಬಿಸಿಯಾಗುತ್ತವೆ: ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಮತ್ತು ತೆರಿಗೆ ಹಣದ ಹಂಚಿಕೆ. ಜನ ಹೆಚ್ಚಿಸಿಕೊಂಡ ರಾಜ್ಯಗಳಿಗೆ ಹೆಚ್ಚು ಸ್ಥಾನ, ಹತೋಟಿಯಲ್ಲಿಟ್ಟ ದಕ್ಷಿಣಕ್ಕೆ ಕಮ್ಮಿ ಎಂಬ ಆತಂಕ ಕರ್ನಾಟಕದ್ದು. ಅದು ನ್ಯಾಯವೇ. ಆದರೆ ಅದೇ ನ್ಯಾಯವನ್ನು ರಾಜ್ಯದ ಒಳಗೂ ಕೇಳಬೇಕಲ್ಲ? ಜನ ಬೆಳೆಯದ, ಕಾಡು ಉಳಿಸಿಕೊಂಡ ಜಿಲ್ಲೆಗೆ ವಿಧಾನಸಭೆಯಲ್ಲೂ ದನಿ ಕುಗ್ಗುತ್ತದೆ. 15ನೇ ಹಣಕಾಸು ಆಯೋಗ ರಾಜ್ಯಗಳ ಪಾಲು ನಿಗದಿ ಮಾಡುವಾಗ ಕಾಡು ಮತ್ತು ಪರಿಸರಕ್ಕೆ ಶೇ 10ರ ತೂಕ ಕೊಟ್ಟಿತ್ತು, ಜನಸಂಖ್ಯೆಗೆ ಶೇ 15, ಜನಸಂಖ್ಯೆ ಹತೋಟಿಯ ಸಾಧನೆಗೆ ಶೇ 12.5. ಅಂದರೆ ಕರ್ನಾಟಕಕ್ಕೆ ಬರುವ ಹಣದಲ್ಲಿ ಜೋಯಿಡಾ, ಯಲ್ಲಾಪುರದ ಕಾಡಿನ ಗಳಿಕೆಯೂ ಸೇರಿದೆ. ಅದು ಬೆಂಗಳೂರಿನ ಖಜಾನೆಯವರೆಗೆ ಬರುತ್ತದೆ, ಅಲ್ಲಿಂದ ಕಾಡು ಕಾದ ತಾಲ್ಲೂಕಿಗೆ ಅದೇ ತೂಕದಲ್ಲಿ ಇಳಿಯುವ ದಾರಿ ಇಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಬಾರಿ ಬಂದಾಗ ರಾಜ್ಯ ಸರ್ಕಾರ ಅದನ್ನು ತಿರಸ್ಕರಿಸಿತು, ಜನರ ಬದುಕಿಗೆ ತೊಂದರೆ ಎಂದು. ಅದೇ ಜನರ ಬದುಕಿಗೆ ಈ ಹಣ ಇಳಿದಿದ್ದರೆ ವಿರೋಧ ಇಷ್ಟು ತೀಕ್ಷ್ಣವಾಗಿ ಇರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಹಣ ಬಂದರೆ ಏನು ಮಾಡಬೇಕು ಎನ್ನುವುದಕ್ಕೆ ಹೊಸ ಯೋಜನೆಯ ಹೆಸರು ಹುಡುಕಬೇಕಿಲ್ಲ. ಹಳ್ಳದ ಕಟ್ಟು ಹಾಕಲು ಊರಿನಲ್ಲಿ ಜನ ಇಲ್ಲವೆಂದರೆ ಉದ್ಯೋಗ ಖಾತರಿಯ ಕೂಲಿಯಲ್ಲಿ ನವೆಂಬರ್‌ನಲ್ಲೇ ಹಾಕಿಸಬಹುದು, ಮೇ ತಿಂಗಳಿನಲ್ಲಿ ಟ್ಯಾಂಕರಿಗೆ ಸುರಿಯುವ ಹಣ ಅದಕ್ಕೆ ಸಾಲದೇ ಹೋಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಎಂಬುದೊಂದಿದೆ: ಕಾಡನ್ನು ಬಳಸುವ, ಕಾಯುವ, ನಿರ್ವಹಿಸುವ ಹಕ್ಕು ಗ್ರಾಮಸಭೆಗೆ. ನಮ್ಮ ಜಿಲ್ಲೆಯ ಗಲಾಟೆಯೆಲ್ಲ ಒಬ್ಬೊಬ್ಬರ ಗುಂಟೆ ಲೆಕ್ಕದಲ್ಲೇ ಮುಗಿದುಹೋಗಿ ಈ ಹಕ್ಕಿನ ಸುದ್ದಿ ಎತ್ತುವವರು ಕಮ್ಮಿ. ಬೇಡ್ತಿಯ ಏಪ್ರಿಲ್ ಹರಿವು ಎಷ್ಟು, ಕಾರವಾರಕ್ಕೆ ಬೇಕಾದದ್ದು ಎಷ್ಟು, ಅಳಿವೆಗೆ ಬಿಡಬೇಕಾದದ್ದು ಎಷ್ಟು ಎಂಬ ಮೂರು ಅಂಕಿಗಳನ್ನು ನದಿ ಜೋಡಣೆಯ ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಿ ಎಂದು ಅಂಕೋಲೆ, ಕಾರವಾರದ ಪುರಸಭೆ, ನಗರಸಭೆಗಳು ಠರಾವು ಮಾಡಿ ಕಳಿಸಬಹುದು. ಇದುವರೆಗೆ ವಿರೋಧದ ಭಾರವೆಲ್ಲ ಘಟ್ಟದ ಮೇಲಿನವರ ಹೆಗಲ ಮೇಲೆಯೇ ಬಿದ್ದಿದೆ. ಈ ನೀರನ್ನು ನಿಜವಾಗಿ ಕುಡಿಯುವವರು ಘಟ್ಟದ ಕೆಳಗೆ ಇದ್ದಾರೆ.